ಮಗಳಿಗೊಂದು ಪತ್ರ: ಗಡುವು ಹಾಕುವ ಮೊದಲು

ಕುಮಟಾ

ಕೂಸೇ,

ನಿನ್ನೆ ನೀನು ಸಿಟ್ಟಲ್ಲಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಕೆಲಸ ಸಿಕ್ಕಿತು ಅಂತ ಖುಷಿಯಲ್ಲಿ ಹೇಳಿದವಳ ಹತ್ತಿರ ಢಾಕಾ ಹತ್ತಿರ ಬಟ್ಟೆ ಫ್ಯಾಕ್ಟರಿಗಳ ಕಟ್ಟಡ ಕುಸಿದ ಸುದ್ದಿ ತೆಗೆದೆ. ಬೇಜಾರು ಮಾಡ್ಕೋಬೇಡ. ಬೆಂಗಳೂರಲ್ಲಿ ಕೂತು ವಿದೇಶದ ಬ್ರ್ಯಾಂಡಿಗೆ ಬಟ್ಟೆ ಹೊಲಿಸುವ ಕೆಲಸ! ಹೊಲಿಗೆ ಮೆಷಿನ್ ತುಳಿದು ನಿನ್ನನ್ನು ಓದಿಸಿದವಳು ನಾನು. ಕೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಯ್ತು.

ಆದರೆ "ಹಾಗಾದ್ರೆ ಅಂಗಿ ಕೊಂಡವರೆಲ್ಲ ಕೊಲೆಗಾರರಾ ಆಯಿ?" ಅಂತ ಕೇಳಿದೆಯಲ್ಲ, ನಾನು ಹಾಗೆ ಹೇಳಲೇ ಇಲ್ಲ.

ಆ ಕಟ್ಟಡ, ರಾಣಾ ಪ್ಲಾಜಾ, ನನ್ನ ತಲೆಯಿಂದ ಹೋಗುವುದೇ ಇಲ್ಲ. 2013ರ ಏಪ್ರಿಲ್ 23ಕ್ಕೆ ಕಟ್ಟಡದಲ್ಲಿ ಬಿರುಕು ಕಂಡಿತು. ಅಲ್ಲೇ ಇದ್ದ ಬ್ಯಾಂಕಿನವರು ತಮ್ಮ ಜನರನ್ನು ಮನೆಗೆ ಕಳಿಸಿದರು. ಹೊಲಿಯುವವರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕರೆದರು. ಬರದಿದ್ದರೆ ಸಂಬಳ ಇಲ್ಲ ಅಂತ ಹೆದರಿಸಿದರಂತೆ. ಕರೆಂಟು ಹೋಯಿತು, ಮೇಲಿನ ಜನರೇಟರ್ ಶುರುವಾಯಿತು, ಎಂಟು ಮಹಡಿಯ ಕಟ್ಟಡ ಕುಸಿಯಿತು. 1,134 ಜನ ಸತ್ತರು. ಹೆಚ್ಚಿನವರು ಹೆಂಗಸರು, ನಿನ್ನ ಪ್ರಾಯದವರೂ ಇದ್ದರು. ನನಗೆ ಮುಚ್ಚಿದ ಆ ಬ್ಯಾಂಕಿನ ಬಾಗಿಲೇ ಕಣ್ಣಿಗೆ ಬರುತ್ತದೆ. ಅದರ ಎದುರೇ ಅವರು ಮೆಟ್ಟಿಲು ಹತ್ತಿರಬೇಕು, ಅಲ್ವಾ? ಹತ್ತಿ ಹೋಗಿ ಮಾಡಬೇಕಿದ್ದ ಕೆಲಸ ನನಗೆ ಗೊತ್ತು. ಕಾಲರಿನ ಒಳಗೆ ಕ್ಯಾನ್ವಾಸ್ ಇಟ್ಟು ಹೊಲಿದು, ಮೂಲೆ ತಿರುವಿ, ಸೂಜಿಯಲ್ಲಿ ತುದಿ ಎಳೆಯಬೇಕು. ಅವಸರ ಮಾಡಿದರೆ ಮೂಲೆ ಮೊಂಡಾಗುತ್ತದೆ. ಅಷ್ಟು ಅವಸರ ಎಲ್ಲಿಂದ ಬರುತ್ತದೆ? ಇಂಥ ದಿನದೊಳಗೆ ಮಾಲು ಹಡಗಿಗೆ ಹತ್ತಬೇಕು ಅಂತ ದೂರದ ಆಫೀಸಿಂದ ಬರುವ ಇ-ಮೇಲ್‌ನಿಂದ. ಬರೆಯುವವರಿಗೆ ಬಿರುಕು ಕಾಣುವುದಿಲ್ಲ. ಅಂಥ ಮೇಲ್ ಇನ್ನು ನೀನು ಬರೆಯುತ್ತೀಯ. ನನ್ನ ಹೆದರಿಕೆ ಅದೇ.

ನಮ್ಮ ಬೇಲೆಕೇರಿ ಬಂದರಿಂದ ಕಬ್ಬಿಣದ ಅದಿರು ಚೀನಾಕ್ಕೆ ಹೋಗುತ್ತಿದ್ದಾಗ ಅಂಕೋಲಾ ರಸ್ತೆ ಬದಿಯ ಎಲೆಗಳೂ ಕೆಂಪಾಗಿದ್ದವು. ಲಾರಿಯವರಿಗೆ ಊಟ ಬಡಿಸಿದ ಹೋಟೆಲಿನವರು, ಪಂಕ್ಚರ್ ಹಾಕಿದ ಹುಡುಗರು ಕಳ್ಳರಲ್ಲ. ಗಣಿ ಲೂಟಿಯ ಕತೆ 2011ರ ಲೋಕಾಯುಕ್ತ ವರದಿಯಲ್ಲಿ ಬಂತು. ಆದರೂ ಇಷ್ಟು ಲಾರಿ ಯಾರ ಪರ್ಮಿಟ್ಟಲ್ಲಿ ಓಡ್ತಿದೆ ಅಂತ ಕೇಳುವುದು ಆ ರಸ್ತೆಯಲ್ಲಿ ದುಡಿದವರ ಕೆಲಸವೂ ಹೌದು. ತಪ್ಪು ಮಾಡಿದವರು ಬೇರೆ ಇರಬಹುದು. ಅದರಿಂದ ಅನ್ನ ಉಂಡ ಮೇಲೆ ನಮಗೆ ಸಂಬಂಧ ಇಲ್ಲ ಅನ್ನುವುದಕ್ಕೆ ಬರುವುದಿಲ್ಲ.

"ನಾನೊಬ್ಬಳು ಕೇಳಿದ್ರೆ ಏನಾಗತ್ತೆ" ಅಂದೆ. ರಾಣಾ ಪ್ಲಾಜಾ ಆದ ಮೇಲೆ ಯೂನಿಯನ್ನವರು ಬಿಡಲಿಲ್ಲ, ಎಲ್ಲೆಲ್ಲಿಯದೋ ಗಿರಾಕಿಗಳು ಅಂಗಡಿ ಮುಂದೆ ನಿಂತು ಗಲಾಟೆ ಮಾಡಿದರು. ಆಮೇಲೆ ತಾನೇ 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಕಟ್ಟಡ ತಪಾಸಣೆಯ ಒಪ್ಪಂದಕ್ಕೆ ಸಹಿ ಹಾಕಿದ್ದು? ನಿನ್ನ ಬೆಂಗಳೂರಲ್ಲೇ 2016ರಲ್ಲಿ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು, ಪಿಎಫ್‌ನ ಹೊಸ ನಿಯಮವನ್ನು ಸರ್ಕಾರ ವಾಪಸ್ ತಗೊಳ್ಳುವ ಹಾಗೆ ಮಾಡಿದರು. ಅವರಲ್ಲಿ ಪ್ರತಿಯೊಬ್ಬಳೂ ಒಬ್ಬಳೇ.

ಉಪದೇಶ ಜಾಸ್ತಿ ಆಯ್ತು. ಕೆಲಸ ಬಿಡು ಅನ್ನುತ್ತಿಲ್ಲ, ನಿನ್ನಂಥವಳು ಅಲ್ಲಿ ಇರಬೇಕು. ಹೊಸಬಳು ಜಾಸ್ತಿ ಮಾತಾಡ್ತಾಳೆ ಅಂತ ಸಾಹೇಬರು ಸಿಟ್ಟಾಗಬಹುದು, ಆ ಚಿಂತೆಯೂ ನನಗಿದೆ. ಆದರೂ ದರ ಇಳಿಸುವಾಗ ಹೊಲಿದವಳ ಕೂಲಿಗೆ ಎಷ್ಟು ಉಳಿಯಿತು ಅಂತ ಕೇಳು. ಗಡುವು ಹಾಕುವ ಮೊದಲು ಒಮ್ಮೆ ಫ್ಯಾಕ್ಟರಿ ಒಳಗೆ ಹೋಗು. ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದಾರಾ ನೋಡು. ಭಾನುವಾರ ಫೋನ್ ಮಾಡು, ಸಿಟ್ಟಿದ್ರೆ ಬೈ, ಪರವಾಗಿಲ್ಲ. ನಿಮ್ಮ ಕಂಪನಿ ಎಲ್ಲೆಲ್ಲಿ ಹೊಲಿಸುತ್ತದೆ ಅಂತ ಮಾತ್ರ ತಿಳಿದುಕೊಂಡು ಹೇಳು.

ನಿನ್ನ ಆಯಿ