ಐದು ಪೈಸೆಯ ಅಂಚೆಚೀಟಿ: ಮಗಳಿಗೊಂದು ಪತ್ರ

ಬಂಗಾರಾ,

ನೀನು ಕೇಳಿದ್ದ ಕಾಗದ ಹುಡುಕಲು ನಿನ್ನೆ ನಿನ್ನಜ್ಜನ ಟ್ರಂಕು ತೆಗೆದೆ. ಅದು ಸಿಗಲಿಲ್ಲ, ಆಮೇಲೆ ನಿನ್ನಪ್ಪನ ಫೈಲಿನಲ್ಲಿ ಸಿಕ್ಕಿತು. ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ಹಳೆಯ ಕವರು. 1972ರ ಜನವರಿಯಲ್ಲಿ ಅಜ್ಜ ರಾಯಚೂರಿನಿಂದ ಅಜ್ಜಿಗೆ ಬರೆದದ್ದು. ಒಳಗೆ ಹತ್ತಿಯ ರೇಟು, ಎಮ್ಮೆಯ ಸಮಾಚಾರ, ನನಗೆ ತರುವ ಲಂಗದ ಅಳತೆ. ಹೊರಗೆ ಮೂಲೆಯಲ್ಲಿ ಮಾಮೂಲಿ ಅಂಚೆಚೀಟಿ. ಅದರ ಪಕ್ಕ 5 ಪೈಸೆಯ ಇನ್ನೊಂದು ಚೀಟಿ, ಅದರ ಮೇಲೆ ನಿರಾಶ್ರಿತರ ಚಿತ್ರ.

1971ರ ನವೆಂಬರಿನಿಂದ 1973ರ ಮಾರ್ಚ್‌ವರೆಗೆ ಇಡೀ ದೇಶದಲ್ಲಿ ಕವರು ಹಾಕಬೇಕಾದರೆ ಆ 5 ಪೈಸೆ ಚೀಟಿ ಹಚ್ಚಲೇಬೇಕಿತ್ತು. ಎಮ್ಮೆ ಈದ ಸುದ್ದಿ ಬರೆದವರೂ ಬಂಗಾಳದ ಗಡಿಯಲ್ಲಿದ್ದ ಜನರಿಗೆ 5 ಪೈಸೆ ಕೊಟ್ಟಿದ್ದರು. ಈಗ ನೀನು ರೋಗಿಗಳನ್ನು ನೋಡಿಕೊಳ್ಳಲು ಹೊರಟಿರುವುದೂ ಅದೇ ಕಡೆಗೆ, ಬಾಂಗ್ಲಾದೇಶದ ಕಾಕ್ಸ್ ಬಜಾರಿನ ನಿರಾಶ್ರಿತರ ಶಿಬಿರಕ್ಕೆ. ಅದಕ್ಕೇ ಫೋನಿನಲ್ಲಿ ಹೇಳದೆ ಕೂತು ಬರೆಯುತ್ತಿದ್ದೇನೆ.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ, ಈಗಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನವಾಗಿತ್ತು, ಅಲ್ಲಿನ ಢಾಕಾದಲ್ಲಿ ತನ್ನದೇ ಜನರ ಮೇಲೆ ಗುಂಡು ಹಾರಿಸಲು ಶುರುಮಾಡಿತು. ವರ್ಷ ಮುಗಿಯುವುದರೊಳಗೆ ಸುಮಾರು 1 ಕೋಟಿ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಒಂದು ಕೋಟಿ! ಬಂದದ್ದು ಮಳೆಗಾಲದಲ್ಲಿ. ಕೆಸರು, ಇಕ್ಕಟ್ಟು, ಕುಡಿಯಲು ಶುದ್ಧ ನೀರಿಲ್ಲ. ಕಾಲರಾ ಹಬ್ಬಿತು.

ಬನಗಾಂವ್ ಅಂತ ಒಂದು ಊರು, ಜೆಸ್ಸೂರ್ ರಸ್ತೆಯಲ್ಲಿ ಗಡಿಗೆ ಹತ್ತಿರ. ಅಲ್ಲಿನ ಆಸ್ಪತ್ರೆಗೆ ಕಲ್ಕತ್ತಾದಿಂದ ಡಾ. ದಿಲೀಪ್ ಮಹಾಲನಾಬಿಸ್ ಹೋದರು. ಕಾಲರಾದವರಿಗೆ ಎರಡೇ ಕೋಣೆ, ರೋಗಿಗಳು ನೆಲದ ಮೇಲೆ. ನರಕ್ಕೆ ಹಾಕುವ ಸಲೈನ್ ಬಾಟಲಿ ಮುಗಿಯುತ್ತಾ ಬಂತು, ಹಾಕಲು ಕಲಿತವರೂ ಸಾಲದು. ಆಗ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಲು ತೀರ್ಮಾನಿಸಿದರು. ಕಲ್ಕತ್ತಾದಲ್ಲಿ ಅವರ ಸಂಸ್ಥೆಯ ಲೈಬ್ರರಿಯಲ್ಲಿ ಕೂತು ಒಬ್ಬರು ತೂಗುವುದು, ಇನ್ನೊಬ್ಬರು ಪಾಲಿಥಿನ್ ಚೀಲಕ್ಕೆ ತುಂಬುವುದು, ಮತ್ತೊಬ್ಬರು ಇಸ್ತ್ರಿ ಪೆಟ್ಟಿಗೆಯಿಂದ ಬಾಯಿ ಅಂಟಿಸುವುದು. ಅಂಥ ಚೀಲಗಳು ಬನಗಾಂವಿಗೆ ಹೋದವು. ದೊಡ್ಡ ಡ್ರಮ್ಮಿನಲ್ಲಿ ಕಲಸಿ ಇಟ್ಟರು. ರೋಗಿಯ ತಾಯಿ, ಅಣ್ಣ, ಗಂಡ, ಯಾರು ಜೊತೆಗಿದ್ದರೋ ಅವರೇ ಲೋಟದಲ್ಲಿ ಹಿಡಿದು ತಂದು ಕುಡಿಸಿದರು.

ಶಿಬಿರಗಳಲ್ಲಿ ಕಾಲರಾ ಹತ್ತಿದ ನೂರರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ಡಾಕ್ಟರ ಕೋಣೆಗಳಲ್ಲಿ ಅದು ನಾಲ್ಕಕ್ಕಿಂತ ಕೆಳಗಿಳಿಯಿತು. ಎರಡು ತಿಂಗಳಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನರಿಗೆ ಹೀಗೇ ಚಿಕಿತ್ಸೆ ಆಯಿತು. ನೀನು ದಿನಾ ಹರಿಯುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಶಿಬಿರ ಇದೆ, ಮಗಳೇ. 2022ರಲ್ಲಿ ಆ ಡಾಕ್ಟರು ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು, ಅವರೇ ಇರಲಿಲ್ಲ. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

ಒಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಸಲೈನ್ ಬಾಟಲಿ ನೇತುಹಾಕದಿದ್ದರೆ ಅದು ಚಿಕಿತ್ಸೆಯೇ ಅಲ್ಲ ಅನ್ನುವುದು ಅಲ್ಲಿನ ಜನರ ನಂಬಿಕೆ. ಅದಕ್ಕೆ ಡಾಕ್ಟರು ಇದನ್ನು ‘ಓರಲ್ ಸಲೈನ್’ ಅಂತಲೇ ಕರೆದರು. ನಮ್ಮಲ್ಲಿ ಹೇಗೆ? ‘ಸಿಸ್ಟರ್, ಒಂದು ಗ್ಲೂಕೋಸ್ ಹಾಕ್ರೀ’ ಅನ್ನುವ ಮಾತನ್ನು ಮೂವತ್ತು ವರ್ಷ ಕೇಳಿದ್ದೇನೆ.

ಈಗ ನನ್ನದೇ ಒಂದು ಮಾತು ಹೇಳಬೇಕು. ನಾನು ನರ್ಸ್ ಕೆಲಸಕ್ಕೆ ಸೇರಿದ ಹೊಸತು. ಪೂರ್ವ ಪಾಕಿಸ್ತಾನದಿಂದ ಬಂದವರು ನೆಲೆಸಿದ ಸಿಂಧನೂರಿನ ಬಂಗಾಲಿ ಕ್ಯಾಂಪ್ ನಿನಗೆ ಗೊತ್ತಲ್ವಾ, ಅಲ್ಲಿಂದ ಒಬ್ಬ ಅಜ್ಜಿ ವಾಂತಿಭೇದಿಯಾದ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು. ಕಣ್ಣು ಒಳಗೆ ಹೋಗಿತ್ತು, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನಾನು ಅಜ್ಜಿಗೆ ‘ಹೊರಗೆ ಕೂತ್ಕೋ’ ಅಂದೆ. ನರ ಹುಡುಕಿದೆ, ಸಿಗಲಿಲ್ಲ. ಎರಡು ಕೈ, ಎರಡು ಪಾದ, ಎಲ್ಲಿಯೂ ಸಿಗಲಿಲ್ಲ. ಕೊನೆಗೂ ಹಿರಿಯ ಸಿಸ್ಟರ್ ಬಂದು ಡ್ರಿಪ್ ಹತ್ತಿಸಿದರು. ಆಮೇಲೆ ಅವರು ಅಜ್ಜಿಯನ್ನು ಒಳಗೆ ಕರೆದು ಕೈಗೆ ಚಮಚ ಕೊಟ್ಟರು. ಅವಳು ರಾತ್ರಿಯಿಡೀ ಚಮಚ ಚಮಚವಾಗಿ ಕುಡಿಸಿದಳು. ಮಗು ವಾಂತಿ ಮಾಡಿದರೆ ಸುಮ್ನೆ ಹತ್ತು ನಿಮಿಷ ಕಾಯುವಳು, ಮತ್ತೆ ಶುರು. ನಾನು ಮೂರು ವಾರ್ಡು ಓಡಾಡುತ್ತಿದ್ದೆ, ಅವಳ ಹಾಗೆ ನಾನು ಕೂರಲು ಆಗುತ್ತಲೇ ಇರಲಿಲ್ಲ. ಬೆಳಿಗ್ಗೆ ಮಗು ಮೂತ್ರ ಮಾಡಿತು. ಅವಳು ತನ್ನ ಒದ್ದೆ ಸೆರಗು ತೋರಿಸಿ ನಕ್ಕಳು. ಅವಳನ್ನು ಹೊರಗೆ ಕೂರಿಸಿದ ಆ ಗಂಟೆ ನನ್ನ ಮನಸ್ಸಿನಿಂದ ಹೋಗಿಲ್ಲ. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ನೀನು ಹೋಗುವ ಕಾಕ್ಸ್ ಬಜಾರಿನಲ್ಲಿ ಅಂಥ ಅಜ್ಜಿಯರೇ ಸಿಗುತ್ತಾರೆ. 2017ರ ಆಗಸ್ಟ್‌ನಲ್ಲಿ ಮ್ಯಾನ್ಮಾರಿನ ರಖೈನ್‌ನಲ್ಲಿ ಸೇನೆ ಊರೂರೇ ಸುಟ್ಟಾಗ, ಕೆಲವೇ ತಿಂಗಳಲ್ಲಿ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೊಹಿಂಗ್ಯಾ ಜನ 7 ಲಕ್ಷಕ್ಕೂ ಜಾಸ್ತಿ ನಾಫ್ ನದಿ ದಾಟಿ, ಗುಡ್ಡ ದಾಟಿ ಬಂದರು. ಅವರನ್ನು ಒಳಗೆ ಬಿಟ್ಟುಕೊಂಡದ್ದು ಯಾರು? 1971ರಲ್ಲಿ ತಾವೇ ಊರು ಬಿಟ್ಟು ಓಡಿದ್ದ ಬಾಂಗ್ಲಾದೇಶದ ಜನ. ಅಕ್ಟೋಬರ್ ಹೊತ್ತಿಗೆ 9 ಲಕ್ಷ ಡೋಸ್ ಕಾಲರಾ ಲಸಿಕೆ ತರಿಸಿ ಶಿಬಿರದಲ್ಲಿ ಬಾಯಿಗೆ ಹಾಕಿದರು. ಬನಗಾಂವಿನಲ್ಲಿ ಆದದ್ದು ಅಲ್ಲಿ ಮತ್ತೆ ಆಗಲಿಲ್ಲ.

ಆದರೆ ವರ್ಷ ಕಳೆದಂತೆ ಲೋಕ ಮರೆಯುತ್ತದೆ, ಬಂಗಾರಾ. ಅದು ನನಗೆ ಸಿಟ್ಟು ತರಿಸುತ್ತದೆ. ಆ ಜನ ಇನ್ನೂ ಬಿದಿರು, ತಾಡಪಾಲಿನ ಗುಡಿಸಲಲ್ಲೇ ಇದ್ದಾರೆ. ಮಳೆಗೆ ಗುಡ್ಡ ಕುಸಿಯುತ್ತದೆ, ಬೇಸಿಗೆಯಲ್ಲಿ ಬೆಂಕಿ. ಒಬ್ಬರಿಗೆ ತಿಂಗಳಿಗೆ 12 ಡಾಲರ್ ಇದ್ದ ರೇಷನ್ನು 2023ರಲ್ಲಿ ದುಡ್ಡು ಸಾಲದೆ 8 ಡಾಲರಿಗೆ ಇಳಿಸಿದರು. ಒಂದು ಹೊತ್ತಿಗೆ ಎಷ್ಟು ಬಿತ್ತು, ಲೆಕ್ಕ ಹಾಕು. ಹಸಿದ ಮಗುವಿಗೆ ಭೇದಿ ಬೇಗ ಹತ್ತುತ್ತದೆ, ಬೇಗ ಬಿಡುವುದಿಲ್ಲ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನಿನ್ನ ಕೈ ಚುರುಕು, ಎಂಥ ನರವಾದರೂ ಹಿಡಿಯುತ್ತೀ. ತೀರಾ ಬಿದ್ದುಹೋದವರಿಗೆ ಅದು ಬೇಕೇ ಬೇಕು, ತಡ ಮಾಡಬೇಡ. ಉಳಿದವರ ವಿಷಯದಲ್ಲಿ ಮೊದಲು ಜೊತೆಗೆ ಬಂದವರ ಕಡೆ ನೋಡು. ಅವರನ್ನು ಹೊರಗೆ ಕಳಿಸಬೇಡ. ಪೊಟ್ಟಣ ಪೂರ್ತಿ ಒಂದು ಲೀಟರಿಗೆ ಅಂತ ಬಾಯಲ್ಲಿ ಹೇಳಿ ಬಿಡಬೇಡ, ಅವರ ಪಾತ್ರೆಯಲ್ಲೇ ಅಳೆದು ಗೆರೆ ತೋರಿಸು. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿದು ಕುಡಿಸಿದ ತಾಯಂದಿರನ್ನು ನಾನೇ ನೋಡಿದ್ದೇನೆ. ತಪ್ಪು ಅವರದಲ್ಲ, ತೋರಿಸದ ನಮ್ಮದು. ಮತ್ತೆ ಅವರ ಹೆಸರು ಕೇಳು.

ಅಜ್ಜನ ಕವರನ್ನು ನಿನ್ನ ಡೈರಿಯಲ್ಲಿ ಇಟ್ಟಿದ್ದೇನೆ, ಒದ್ದೆ ಮಾಡಬೇಡ. ಶೇಂಗಾ ಹಿಂಡಿ ಎರಡು ಡಬ್ಬಿ ಕಟ್ಟಿದ್ದೇನೆ. ಒಂದು ನಿನಗೆ, ಇನ್ನೊಂದು ಅಲ್ಲಿ ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆ. ಖಾರ ಕಡಿಮೆ ಹಾಕಿದ್ದೇನೆ. ನಿನ್ನಪ್ಪ ಶನಿವಾರ ಬಸ್‌ಸ್ಟ್ಯಾಂಡಿಗೆ ತಂದು ಕೊಡುತ್ತಾರೆ.

ನಿನ್ನ ಅವ್ವ