ಮತ್ತೆ ಮತ್ತೆ ತುಂಬಿಸುವ ವೇಪ್ ಟ್ಯಾಂಕ್

ಸಂಪಾದಕರೇ,

ನಾನು ಇಂಗ್ಲೆಂಡಿನಲ್ಲಿರುವ ಕನ್ನಡಿಗ, ಸಿಗರೇಟು ಬಿಟ್ಟು ವೇಪ್, ಅಂದರೆ ಇ-ಸಿಗರೇಟು, ಹಿಡಿದವನು. ಇಲ್ಲಿ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್ ಮಾರುವಂತಿಲ್ಲ, ಹಾಗಾಗಿ ತುಂಬಿಸುವ ಟ್ಯಾಂಕೇ ಗತಿ. ಅದು ಹಿಡಿಯೋದು ಬರೀ 2 ಮಿ.ಲೀ. ದ್ರವ. ದ್ರವ ಕಾಯಿಸುವ ತಂತಿ ಸುರುಳಿ, ಅಂದರೆ ಕಾಯಿಲ್, ಹೊಸದು ಹಾಕಿದರೆ ಒಳಗಿನ ಹತ್ತಿ ನೆನೆಯಲು ಹತ್ತು ನಿಮಿಷ ಬಿಡಬೇಕು, ಅವಸರ ಮಾಡಿ ಎಳೆದರೆ ತಳ ಹಿಡಿದ ಪಾಯಸದಂಥ ಕಮಟು ಗಂಟಲಿಗೇ ಬಡಿಯುತ್ತೆ, ಆ ಕಾಯಿಲ್ ಕತೆ ಅಲ್ಲಿಗೆ ಮುಗೀತು. ಸೋರಿದರಂತೂ ಜೇಬೆಲ್ಲ ಅಂಟು.

ಊರಿಗೆ ಹೊರಟಾಗ ತಮ್ಮ "ನಂಗೂ ಒಂದು ತಗೊಂಬಾ ಅಣ್ಣ" ಅಂದ. ಸುಮ್ನಿರಪ್ಪ ಅಂದೆ. ಭಾರತದಲ್ಲಿ 2019ರ ಕಾಯ್ದೆ ಪ್ರಕಾರ ತರೋದೂ ಮಾರೋದೂ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಿಗರೇಟೇ ಸೇದದವನಿಗೆ ಇದ್ಯಾಕೆ ಅಲ್ವಾ? ಬೇಸಿಗೆ ರಜೆಗೆ ಊರಿಗೆ ಬರುವವರು ಜಾಸ್ತಿ, ಅಷ್ಟರೊಳಗೆ ಇದನ್ನೊಮ್ಮೆ ಪತ್ರಿಕೆಯಲ್ಲಿ ಹಾಕಿ.

— ಓದುಗ, ಲೆಸ್ಟರ್