ಕತ್ತರಿ ಎಲ್ಲಿದೆ ಹೇಳು

ಪುಟ್ಟೀ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜಿಗೆ ಫೋನಿನಲ್ಲೇ ಉತ್ತರ ಹೇಳೋಣ ಅಂದುಕೊಂಡೆ. ಆದರೆ ನಾನು ಮಾತಾಡುವುದು, ನೀನು ಆ ಕಡೆಯಿಂದ ಹ್ಞೂಂ ಅನ್ನುವುದು, ಅದು ಹೌದೋ ಅಲ್ಲವೋ ತಿಳಿಯದೆ ನಾನು ಮತ್ತೆ ಕೇಳುವುದು, ನಿನಗೆ ಸಿಟ್ಟು ಬರುವುದು. ಅದಕ್ಕೇ ಬರೆಯುತ್ತಿದ್ದೇನೆ.

‘ಇದು ನನ್ನ ಮುಖವೇ ಅಲ್ಲ. ಯಾಕಾದರೂ ಮಾಡಿಸಿಕೊಂಡೆನೋ. ನೀನೂ ಬಿಟ್ಟು ಹೋದೆ’ ಅಂತ ಬರೆದಿದ್ದೀಯ. ಮೂರೂ ಮಾತು ಚುಚ್ಚಿದವು, ಕೊನೆಯದು ಜಾಸ್ತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ ಹಾಕಿದ ಮೇಲೆ ರಜೆ ಕೇಳುವ ಹಾಗಿರಲಿಲ್ಲ. ಅದು ನಿಜವೇ. ಆದರೂ ದವಡೆಯ ಆಪರೇಷನ್ ಆದ ನಿನ್ನನ್ನು ಆ ಸ್ಥಿತಿಯಲ್ಲಿ ಬಿಟ್ಟು ಸಾಗರದ ರೈಲು ಹತ್ತಿದ್ದಕ್ಕೆ ನನಗೆ ಬೇಜಾರಿದೆ. ಚಿಕ್ಕಮ್ಮ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಗೊತ್ತು. ಆದರೂ ಬೇಜಾರಿದೆ.

ಅದಿರಲಿ, ಮೊದಲು ಇದನ್ನು ಹೇಳು. ಕತ್ತರಿ ಎಲ್ಲಿದೆ?

ಆಸ್ಪತ್ರೆಯಿಂದ ಕಳಿಸುವಾಗ ಸಿಸ್ಟರ್ ಕೊಟ್ಟರಲ್ಲ, ಸಣ್ಣ ಕತ್ತರಿ, ಅದು. ಕೆಂಪು ಟೇಪು ಕಟ್ಟಿ ನಿನ್ನ ಮಂಚದ ತಲೆಗೆ ನೇತುಹಾಕಿ ಬಂದಿದ್ದೆ. ಚಿಕ್ಕಮ್ಮನಿಗೆ ಎಲ್ಲವನ್ನೂ ಎತ್ತಿಡುವ ಚಾಳಿ. ಅದನ್ನೂ ಒಳಗೆ ಇಟ್ಟುಬಿಟ್ಟಿದ್ದಾಳೋ ಏನೋ. ಇಟ್ಟಿದ್ದರೆ ಈಗಲೇ ಹೊರಗೆ ತೆಗೆಸು.

ಆಪರೇಷನ್ ಆದ ರಾತ್ರಿ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಅರಿವಳಿಕೆಯ ಮಂಪರಿನಲ್ಲಿದ್ದೆ. ನುಂಗಿದ ರಕ್ತ ಹೊಟ್ಟೆಯಲ್ಲಿ ನಿಲ್ಲದೆ ವಾಂತಿ ಬಂತು. ಮೇಲಿನ ಹಲ್ಲು ಕೆಳಗಿನ ಹಲ್ಲು ರಬ್ಬರ್ ಬ್ಯಾಂಡಿನಿಂದ ಬಿಗಿದಿವೆ, ಒಳಗಿನಿಂದ ಕಪ್ಪಗೆ ಉಕ್ಕಿ ಬರುತ್ತಿದೆ, ಮೂಗಿನಿಂದಲೂ ಬರುತ್ತಿದೆ. ನಿನ್ನ ಕಣ್ಣು ಅಷ್ಟು ದೊಡ್ಡದಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾನು ಕತ್ತರಿ ಹಿಡಿದು ನಿಂತಿದ್ದೆ. ಆ ಸಿಸ್ಟರ್ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಿನ್ನನ್ನು ಎಬ್ಬಿಸಿ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿದರು. ಸಕ್ಷನ್ ನಳಿಗೆಯನ್ನು ಕೆನ್ನೆಯ ಒಳಬದಿಗೆ ಇಟ್ಟರು. ‘ನೀರಿನ ಥರ ಇದೆ ಮೇಡಂ, ಹಲ್ಲಿನ ಸಂದಿಯಲ್ಲೇ ಹೊರಗೆ ಬರುತ್ತೆ, ಕತ್ತರಿ ಬೇಡ’ ಅಂದರು. ಬಂತು ಕೂಡ. ಎರಡು ನಿಮಿಷದಲ್ಲಿ ಮುಗಿಯಿತು. ನನಗಿನ್ನೂ ಮುಗಿದಿಲ್ಲ.

ಅದಕ್ಕೇ ಹೇಳುವುದು. ವಾಕರಿಕೆ ಬಂದರೆ ಹಿಂದಕ್ಕೆ ಒರಗಬೇಡ. ಎದ್ದು ಕೂತು ಮುಂದಕ್ಕೆ ಬಾಗು. ನೀನೀಗ ಕುಡಿಯುವುದೆಲ್ಲ ಸೋಸಿದ್ದು, ಅದು ಹೊರಗೆ ಬರುತ್ತೆ. ಉಸಿರು ಕಟ್ಟಿದ ಹಾಗಾದರೆ ಮಾತ್ರ ಕತ್ತರಿ. ಮೇಲಿಂದ ಕೆಳಕ್ಕೆ ನೇರ ಹೋಗಿರುವ ಬ್ಯಾಂಡುಗಳನ್ನು ಕತ್ತರಿಸಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚಿಕ್ಕಮ್ಮನಿಗೂ ಹಗಲು ಹೊತ್ತಿನಲ್ಲಿ ತೋರಿಸಿಡು, ರಾತ್ರಿ ಗಾಬರಿಯಲ್ಲಿ ಕಲಿಯುವ ವಿಷಯ ಅಲ್ಲ ಅದು. ಹೊರಗೆ ಹೋಗುವಾಗಲೂ ಪರ್ಸಿನಲ್ಲಿ ಇರಲಿ.

ಸರಿ, ಮುಖದ ವಿಷಯಕ್ಕೆ ಬರುತ್ತೇನೆ.

ನಿನ್ನ ಮೇಲಿನ ದವಡೆಯ ಮೂಳೆ ಕತ್ತರಿಸಿ ಮುಂದಕ್ಕೆ ತಂದಿದ್ದಾರೆ, ಕೆಳಗಿನದನ್ನು ಹಿಂದಕ್ಕೆ ಸರಿಸಿದ್ದಾರೆ, ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿ ನಿಲ್ಲಿಸಿದ್ದಾರೆ. ಇಷ್ಟೆಲ್ಲ ಆದ ಮೇಲೆ ಕೆನ್ನೆ ಉಬ್ಬದೆ ಇರುತ್ತಾ? ಊತ ಎರಡು ಮೂರನೇ ದಿನ ಜಾಸ್ತಿಯಾಗುತ್ತೆ, ಆಮೇಲೆ ಇಳಿಯುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬಹುಪಾಲು ಎರಡು ಮೂರು ವಾರದಲ್ಲಿ ಹೋಗುತ್ತೆ. ಉಳಿದ ಚೂರುಪಾರು ತಿಂಗಳುಗಟ್ಟಲೆ ಇರುತ್ತೆ, ಅದು ಬೇರೆಯವರಿಗೆ ಕಾಣುವುದಿಲ್ಲ, ನಿನಗೆ ಮಾತ್ರ ಕಾಣುತ್ತೆ. ಕುತ್ತಿಗೆ, ಎದೆಯ ಮೇಲೆ ಹಳದಿ ಹಸಿರು ಬಣ್ಣ ಇಳಿದಿದೆ ಅಂತ ಫೋಟೋ ಕಳಿಸಿದ್ದೀಯಲ್ಲ, ಅದು ಹೊಸ ಪೆಟ್ಟಲ್ಲ. ಮೇಲೆ ಕಟ್ಟಿದ ರಕ್ತ ಕೆಳಗಿಳಿದು ಕರಗುತ್ತಿದೆ.

ಈಗ ಐಸ್ ಪ್ಯಾಕ್ ಬೇಡ. ಅದು ಕೆಲಸಕ್ಕೆ ಬರುವುದು ಮೊದಲ ಎರಡು ಮೂರು ದಿನ ಅಷ್ಟೇ. ಡಾಕ್ಟರು ಹೇಳಿದ ಹಾಗೆ ಬೆಚ್ಚನೆಯ ಒದ್ದೆ ಬಟ್ಟೆ ಇಡು. ಆದರೆ ಬಿಸಿಯನ್ನು ಕೆನ್ನೆಗೆ ತಾಗಿಸಿ ನೋಡಬೇಡ, ಮೊದಲು ಮುಂಗೈಗೆ ತಾಗಿಸಿ ನೋಡು. ನಿನ್ನ ಕೆನ್ನೆಗೂ ತುಟಿಗೂ ಜೋಮು ಹಿಡಿದಿದೆ, ಸುಟ್ಟರೂ ಗೊತ್ತಾಗುವುದಿಲ್ಲ. ಮಲಗುವಾಗ ತಲೆ ಎತ್ತರದಲ್ಲಿರಲಿ, ದಿಂಬು ತೆಗೆದು ಚಪ್ಪಟೆ ಮಲಗಿದರೆ ಬೆಳಿಗ್ಗೆ ಮುಖ ಮತ್ತೆ ಉಬ್ಬಿರುತ್ತೆ, ಆಗ ಮತ್ತೆ ಅಳುತ್ತೀಯ. ಎರಡೂ ಪಕ್ಕೆಗೆ ದಿಂಬು ಇಟ್ಟುಕೊಂಡರೆ ನಿದ್ದೆಯಲ್ಲಿ ಮಗ್ಗುಲಾಗುವುದಿಲ್ಲ. ಮನೆಯೊಳಗೇ ಆದರೂ ನಡೆದಾಡು. ಮೂಗು ಕಟ್ಟಿದರೂ ಜೋರಾಗಿ ಸೀಟಬೇಡ. ಮೇಲಿನ ದವಡೆ ಸರಿಸಿದವರಿಗೆ ಅದು ಒಳ್ಳೆಯದಲ್ಲ. ಸ್ಟ್ರಾ ಹಾಕಿ ಹೀರುವುದೂ ಬೇಡ, ಸಿರಿಂಜಿನ ನಳಿಗೆಯಲ್ಲೇ ಕುಡಿ.

ಮನಸ್ಸು ಕುಗ್ಗುವುದಕ್ಕೂ ಕಾರಣ ಇದೆ ಪುಟ್ಟೀ. ಊತಕ್ಕೆ ಕೊಟ್ಟ ಸ್ಟೀರಾಯ್ಡ್ ನಿಂತಿದೆ, ನಿದ್ದೆ ಇಲ್ಲ, ಹೊಟ್ಟೆ ತುಂಬುವುದಿಲ್ಲ, ಮಾತಿಲ್ಲ. ಈ ಹೊತ್ತಿನಲ್ಲಿ ಕನ್ನಡಿ ಮುಂದೆ ನಿಂತು ತೀರ್ಪು ಕೊಡುವವರುಂಟೇ? ನೋಡಲೇಬೇಕು ಅನ್ನಿಸಿದರೆ ಹಲ್ಲು ನೋಡಿಕೊಳ್ಳಲು ನೋಡು.

ಹಲ್ಲು ಅಂದೆ. ಚಿಕ್ಕಮ್ಮ ಹೇಳಿದಳು, ಬ್ರಷ್ ಮುಟ್ಟುತ್ತಿಲ್ಲವಂತೆ, ಮೌತ್‌ವಾಶ್‌ನಲ್ಲೇ ಮುಗಿಸುತ್ತೀಯಂತೆ. ಹೆದರಿಕೆ ಅರ್ಥವಾಗುತ್ತೆ. ಆದರೆ ಹೊಲಿಗೆಗೆ ಸೋಂಕು ಆಗುವುದು ಬ್ರಷ್‌ನಿಂದಲ್ಲ, ಬ್ರೇಸಸ್ ಸಂದಿಯಲ್ಲಿ ಹಾಲು ಗಂಜಿ ಕೂತು ಕೊಳೆಯುವುದರಿಂದ. ನಾನು ತಂದಿಟ್ಟ ಮಕ್ಕಳ ಬ್ರಷ್ ಇದೆಯಲ್ಲ, ತಲೆ ಸಣ್ಣದಿರುವುದು, ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡು. ತುಟಿಗೆ ವ್ಯಾಸಲೀನ್ ಸವರು, ಇಲ್ಲದಿದ್ದರೆ ಬಾಯಿಯ ಮೂಲೆ ಸೀಳುತ್ತೆ. ಒಂದು ಬೆರಳಿನಲ್ಲಿ ತುಟಿಯನ್ನು ಸ್ವಲ್ಪವೇ ಎತ್ತು, ಜಾಸ್ತಿ ಎಳೆಯಬೇಡ, ಹೊಲಿಗೆ ಮೇಲೆ ಒಳಗಡೆ ಇದೆ. ಬ್ರಷ್ ಹಲ್ಲಿನ ಮೇಲೆ, ಬ್ರಾಕೆಟ್ಟಿನ ಮೇಲೆ ಮಾತ್ರ ಓಡಲಿ. ಹಲ್ಲಿನ ಒಳಬದಿ ಈಗ ಸಿಗುವುದಿಲ್ಲ, ಬಿಡು. ಸ್ವಲ್ಪ ರಕ್ತ ಜಿನುಗಿದರೆ ನಿಲ್ಲಿಸಿ ಓಡಬೇಡ.

ಕುಡಿದಾದ ಮೇಲೆಲ್ಲ ಉಪ್ಪುನೀರು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ. ಒಂದು ಗುಟುಕು ಹಾಲು ಕುಡಿದಿದ್ದರೂ ಸರಿ. ಉಗುಳಲು ಹೋಗಬೇಡ, ತುಟಿ ಮಾತು ಕೇಳುವುದಿಲ್ಲ. ಕತ್ತಿಗೆ ಟವೆಲ್ ಕಟ್ಟಿಕೊಂಡು ಬೇಸಿನ್ ಮೇಲೆ ಬಾಗಿದರೆ ತಾನೇ ಸುರಿಯುತ್ತೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬೆಳಿಗ್ಗೆ ರಾತ್ರಿ ಎರಡೇ ಸಲ, ಪೇಸ್ಟ್ ಹಾಕಿ ಉಜ್ಜಿದ್ದರೆ ಅರ್ಧ ಗಂಟೆ ಬಿಟ್ಟು. ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತೆ. ಕೆಲವು ದಿನದಲ್ಲಿ ಹಲ್ಲು ಕಂದು ಬಣ್ಣಕ್ಕೆ ತಿರುಗಬಹುದು, ಚಹಾ ಕುಡಿದರೆ ಇನ್ನೂ ಬೇಗ. ಅದಕ್ಕೂ ಅಳಬೇಡ, ಆಮೇಲೆ ಕ್ಲೀನ್ ಮಾಡಿಸಬಹುದು.

ಪಾಠ ಮಾಡಬಾರದು ಅಂತ ಕೂತವಳು ನಾನು. ಮೂವತ್ತು ಮಕ್ಕಳ ಮುಂದೆ ನಿಂತು ನಿಂತು ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಅಜ್ಜಿ ಸುಣ್ಣ ಅರಿಶಿನ ಕಲಸಿ ಕೆನ್ನೆಗೆ ಹಚ್ಚಲು ಹೇಳು ಅಂತ ದಿನಾ ಹೇಳುತ್ತಿದ್ದಾರೆ. ಹಚ್ಚಬೇಡ, ಜೋಮು ಹಿಡಿದ ಚರ್ಮ. ಹಚ್ಚಿದ್ದೀಯ ಅಂತ ಅವರಿಗೆ ನಾನು ಹೇಳಿಯಾಗಿದೆ, ನೀನು ಫೋಟೋ ಕಳಿಸಿ ಸಿಕ್ಕಿಹಾಕಿಸಬೇಡ.

ಕೇರಿಯವರು ‘ಮದುವೆಗೆ ಅಂತ ಮಾಡಿಸಿದ್ದಾ?’ ಅಂತ ಕೇಳುತ್ತಾರೆ. ರೊಟ್ಟಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಲಾಗದೆ ಕೈಯಲ್ಲಿ ಹರಿದು ಹರಿದು ತಿಂದವಳು ನೀನು, ಅವರಿಗೇನು ಗೊತ್ತು. ಡಾಕ್ಟರು ಒಪ್ಪಿಗೆ ಪತ್ರ ಮುಂದಿಟ್ಟಾಗ ಕೆಳತುಟಿಯ ನರದ ಬಗ್ಗೆ ಕೇಳಿದ್ದು ನೀನೇ. ಸ್ಪರ್ಶ ಬರಲು ತಿಂಗಳುಗಳು ಬೇಕಾಗಬಹುದು, ಕೆಲವರಿಗೆ ಒಂಚೂರು ಜೋಮು ಉಳಿದೇ ಹೋಗಬಹುದು ಅಂದರು. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ಕೇಳಿದೆ. ನಿನ್ನ ದುಡ್ಡು, ನಿನ್ನ ಸಹಿ. ಸ್ಟಾಫ್ ರೂಮಿನಲ್ಲಿ ಇದನ್ನು ಎಲ್ಲರಿಗೂ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ.

ಜ್ವರ ಬಂದರೆ, ಇಳಿದ ಊತ ಒಂದೇ ಕಡೆ ಮತ್ತೆ ಏರಿದರೆ, ಬಾಯಲ್ಲಿ ಕೆಟ್ಟ ರುಚಿ ಅಥವಾ ಕೀವು ಬಂದರೆ, ರಕ್ತ ನಿಲ್ಲದಿದ್ದರೆ ಮೊದಲು ಡಾಕ್ಟರಿಗೆ ಫೋನು, ಆಮೇಲೆ ನನಗೆ. ಚಿಕ್ಕಮ್ಮ ಉಲ್ಟಾ ಮಾಡುತ್ತಾಳೆ, ನೋಡಿಕೋ. ಬ್ಯಾಂಡುಗಳನ್ನು ನೀನಾಗಿ ಬಿಚ್ಚಿ ನೋಡುವ ಸಾಹಸವೂ ಬೇಡ, ಉಸಿರಿಗೆ ತೊಂದರೆಯಾದರೆ ಮಾತ್ರ. ಅದಕ್ಕೇ ಕತ್ತರಿ ಕೇಳಿದ್ದು.

ಶನಿವಾರ ರಾತ್ರಿಯ ರೈಲಿಗೆ ಆರ್‌ಎಸಿ ಸಿಕ್ಕಿದೆ. ಭಾನುವಾರ ಬೆಳಿಗ್ಗೆ ಬರುತ್ತೇನೆ. ರಾಗಿ ಹಿಟ್ಟು ಹುರಿದಿದ್ದೇನೆ, ಅಂಬಲಿಯನ್ನು ಪಂಚೆ ಬಟ್ಟೆಯಲ್ಲಿ ಸೋಸಿ ತುಪ್ಪ ಹಾಕಿ ಕೊಡುತ್ತೇನೆ, ತೊವ್ವೆಯ ಕಟ್ಟಿಗೂ ಹೆಸರುಬೇಳೆ ಕಟ್ಟಿದ್ದೇನೆ. ಅಪ್ಪೆಹುಳಿ ಕೇಳಿದ್ದೀಯ. ಮಾವಿನ ಮಿಡಿ ಬಂದಿದೆ, ಆದರೆ ಹುಳಿ ಖಾರ ಹೊಲಿಗೆಗೆ ತಾಗಿದರೆ ಉರಿದು ಹೋಗುತ್ತೀಯ, ಡಾಕ್ಟರು ಸೈ ಅನ್ನಲಿ, ಆಮೇಲೆ. ಅಪ್ಪ ಕೇಳಿದರು, ಕ್ಯಾರಂ ಬೋರ್ಡ್ ತರಲಾ ಅಂತ. ಮಾತಿಲ್ಲದೆ ಆಡುವ ಆಟ ಬೇರೇನಿದೆ ಅಂತ ಅವರ ವಾದ. ಬೇಕಾ ಬೇಡವಾ, ಮೆಸೇಜು ಹಾಕು, ಹಾಗೇ ಕತ್ತರಿಯ ಫೋಟೋ ಕೂಡ.

ಅಮ್ಮ